ತಾರೆಗಳ ಒಡಲಿನಲ್ಲಿ ಏನಿದೆ?

ಒಲೆಯ ಮೇಲಿನ ಸಾರು ಉಕ್ಕಿ ಹೊರಚೆಲ್ಲಿದಾಗ ಗ್ಯಾಸಿನ ನೀಲಿ ಜ್ವಾಲೆ ಒಮ್ಮೆಲೇ ಹಳದಿಯಾಗುವುದನ್ನು ಗೃಹಿಣಿಯರೆಲ್ಲರೂ ಕಂಡಿರುತ್ತಾರೆ. ಆ ಹಳದಿ ಬಣ್ಣ ಬೇಳೆಯದೂ ಅಲ್ಲ, ಅರಿಸಿನದ್ದೂ ಅಲ್ಲ. ಅದು ಸಾರಿನಲ್ಲಿ ಕರಗಿರುವ ಉಪ್ಪಿನದು. ಇನ್ನೂ ಸೂಕ್ಷ್ಮವಾಗಿ ಹೇಳುವುದಾದರೆ, ಉಪ್ಪಿನೊಳಗೆ ಅಡಗಿರುವ ಸೋಡಿಯಮ್ ಎಂಬ ಮೂಲವಸ್ತುವಿನದು. ಅಡಿಗೆಮನೆಯ ಈ ಸಣ್ಣ ಸಂಗತಿಗೂ ಊಹೆಗೆ ಮೀರಿದ ದೂರದಲ್ಲಿರುವ ನಕ್ಷತ್ರಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಉಂಟು, ಅದೂ ಬಹು ನಿಕಟವಾದದ್ದು.

೧೮೩೫ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ ಮಾನವಜ್ಞಾನದ ಎಲ್ಲೆಗಳನ್ನು ಗುರುತಿಸುತ್ತ, ನಕ್ಷತ್ರಗಳ ವಿಷಯದಲ್ಲಿ ಒಂದು ತೀರ್ಪನ್ನು ಕೊಟ್ಟನು. ಆಕಾಶಕಾಯಗಳ ಆಕಾರ, ದೂರ, ಗಾತ್ರ, ಚಲನೆ ಇವುಗಳನ್ನು ಮನುಷ್ಯನು ಅಳೆಯಬಲ್ಲನು. ಆದರೆ ಅವು ಯಾವ ದ್ರವ್ಯಗಳಿಂದಾದುವು ಎಂಬುದನ್ನು ಎಂದೆಂದಿಗೂ ಅರಿಯಲಾರನು ಎಂಬುದು ಆತನ ಅಭಿಪ್ರಾಯ. ಮಾತು ತರ್ಕಬದ್ಧವಾಗಿಯೇ ಇದ್ದಿತು. ಒಂದು ವಸ್ತುವಿನ ರಾಸಾಯನಿಕ ಪರೀಕ್ಷೆ ನಡೆಯಬೇಕಾದರೆ ಅದರ ಚೂರೊಂದು ಪರೀಕ್ಷಕನ ಕೈಗೆ ಬರಬೇಕು. ನಕ್ಷತ್ರದ ಚೂರನ್ನು ತರುವವರಾರು?

ಕಾಮ್ಟ್ ೧೮೫೭ರಲ್ಲಿ ತೀರಿಕೊಂಡನು. ಅದಾಗಿ ಎರಡೇ ವರ್ಷಗಳಲ್ಲಿ ಆತನ ತೀರ್ಪು ಬಿದ್ದುಹೋಯಿತು.

ಬೆಳಕಿನಲ್ಲಿ ಬರೆದ ಲಿಪಿ

ಮುರಿದುಬಿದ್ದ ಆ ಗೋಡೆಗೆ ಮೊದಲ ಬಿರುಕನ್ನು ಉಂಟುಮಾಡಿದವನು ಜರ್ಮನಿಯ ಜೋಸೆಫ್ ಫ್ರೌನ್‌ಹೋಫರ್. ಬಾಲ್ಯದಲ್ಲೇ ತಾಯಿತಂದೆಗಳನ್ನು ಕಳೆದುಕೊಂಡು ಗಾಜಿನ ಕೆಲಸದವನೊಬ್ಬನ ಬಳಿ ದುಡಿಯುತ್ತ ಬೆಳೆದ ಈತನು ಮುಂದೆ ಯುರೋಪಿನಲ್ಲೇ ಶ್ರೇಷ್ಠವಾದ ಮಸೂರಗಳನ್ನು ತಯಾರಿಸುವವನಾದನು. ೧೮೧೪ರಲ್ಲಿ ಆತನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಹರಡಿದ ಬಣ್ಣಗಳನ್ನು ದುರ್ಬೀನಿನಿಂದ ಪರೀಕ್ಷಿಸಿದಾಗ, ಕಾಮನಬಿಲ್ಲಿನಂತಿದ್ದ ಆ ರೋಹಿತದ ಉದ್ದಕ್ಕೂ ಕಪ್ಪು ಗೆರೆಗಳು ಕಂಡುಬಂದುವು. ಆತನು ಎಣಿಸಿದ ಗೆರೆಗಳು ಐನೂರಕ್ಕೂ ಹೆಚ್ಚು. ಅವುಗಳ ಅರ್ಥವೇನೆಂದು ಮಾತ್ರ ಆತನಿಗೆ ತಿಳಿಯಲಿಲ್ಲ.

ಅರ್ಥವನ್ನು ಬಿಡಿಸಿದವರು ಹೈಡಲ್‌ಬರ್ಗ್ ನಗರದ ಕಿರ್ಕಾಫ್ ಮತ್ತು ಬುನ್ಸೆನ್. ೧೮೫೯ರಲ್ಲಿ ಅವರು ಬೇರೆ ಬೇರೆ ಲವಣಗಳನ್ನು ಜ್ವಾಲೆಯಲ್ಲಿ ಉರಿಸಿ, ಒಂದೊಂದು ಮೂಲವಸ್ತುವೂ ತನ್ನದೇ ಆದ ಗೆರೆಗಳನ್ನು, ತನ್ನದೇ ಆದ ಸ್ಥಾನಗಳಲ್ಲಿ ಮೂಡಿಸುತ್ತದೆಂದು ಕಂಡುಕೊಂಡರು. ಕಾದ ಅನಿಲವು ಯಾವ ಬಣ್ಣವನ್ನು ಹೊರಸೂಸುವುದೋ, ಪ್ರಖರವಾದ ಬೆಳಕು ತನ್ನ ಮೂಲಕ ಹಾಯುವಾಗ ಅದೇ ಬಣ್ಣವನ್ನು ನುಂಗಿಕೊಳ್ಳುತ್ತದೆ. ಉಕ್ಕಿದ ಸಾರು ತೋರಿಸುವ ಹಳದಿ ಬಣ್ಣವಿದೆಯಲ್ಲ, ಸರಿಯಾಗಿ ಆ ಸ್ಥಾನದಲ್ಲೇ ಸೂರ್ಯನ ರೋಹಿತದಲ್ಲಿ ಎರಡು ಕಪ್ಪು ಗೆರೆಗಳಿವೆ. ಎಂದರೆ ಸೂರ್ಯನ ಹೊರಮೈಯಲ್ಲಿ ಸೋಡಿಯಮ್ ಇದೆ! ಚೂರನ್ನು ತರಬೇಕಾಗಿರಲಿಲ್ಲ. ನಕ್ಷತ್ರವು ತನ್ನ ಒಡಲಿನ ವೃತ್ತಾಂತವನ್ನು ಬೆಳಕಿನಲ್ಲಿ ಬರೆದು ತಾನೇ ಕಳುಹಿಸುತ್ತಲಿತ್ತು. ಓದುವ ಕಣ್ಣು ಬೇಕಿತ್ತು, ಅಷ್ಟೆ.

ಈ ಓದಿನಲ್ಲಿ ಭಾರತದ ನೆಲಕ್ಕೂ ಪಾಲಿದೆ. ೧೮೬೮ರ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣವಾದಾಗ ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನಿಂತು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಪರಿಶೀಲಿಸಿದನು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್, ಆ ಜ್ವಾಲೆಗಳಲ್ಲಿನ ಒಂದು ಹಳದಿ ಗೆರೆಯು ಸೋಡಿಯಮ್ಮಿನದಲ್ಲವೆಂದು ಗುರುತಿಸಿ, ಭೂಮಿಯಲ್ಲಿ ಯಾರೂ ಕಾಣದಿದ್ದ ಹೊಸ ಮೂಲವಸ್ತುವೊಂದನ್ನು ಊಹಿಸಿದನು. ಅದೇ ಹೀಲಿಯಮ್. ಭೂಮಿಯ ಮೇಲೆ ಅದು ದೊರೆತದ್ದು ೧೮೯೫ರಲ್ಲಿ!

ಗೆರೆಗಳು ಹೇಳಿದ ಅರ್ಧಸತ್ಯ

ಇಷ್ಟಾದರೂ ಒಂದು ದೊಡ್ಡ ತೊಡಕು ಉಳಿದಿತ್ತು. ನಕ್ಷತ್ರದಲ್ಲಿ ಏನೇನಿದೆ ಎಂಬುದು ತಿಳಿಯಿತು; ಯಾವುದು ಎಷ್ಟಿದೆ ಎಂಬುದು ತಿಳಿಯಲಿಲ್ಲ. ಸೂರ್ಯನ ರೋಹಿತದಲ್ಲಿ ಕಬ್ಬಿಣದ ಗೆರೆಗಳು ಹೇರಳವಾಗಿವೆ. ಆದುದರಿಂದ ಸೂರ್ಯನೂ ಭೂಮಿಯಂತೆಯೇ ಕಬ್ಬಿಣ ಮೊದಲಾದ ದ್ರವ್ಯಗಳಿಂದ ಕೂಡಿದ ಕಾಯವೆಂದೂ, ಶಾಖ ಮಾತ್ರ ಅಧಿಕವೆಂದೂ ವಿದ್ವಾಂಸರು ನಂಬಿದ್ದರು.

ಆದರೆ ದೂರದಿಂದ ಸಂತೆಯ ಗದ್ದಲವನ್ನು ಕೇಳುವವನಿಗೆ ಕೂಗಿ ಮಾರುವ ನಾಲ್ಕು ಜನರ ಧ್ವನಿ ಮಾತ್ರ ಕೇಳಿಸುತ್ತದೆ. ಸುಮ್ಮನೆ ಓಡಾಡುವ ಸಾವಿರ ಜನರ ಸುಳಿವು ಸಿಗುವುದಿಲ್ಲ. ಸದ್ದನ್ನು ನಂಬಿ ಜನರನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪರಮಾಣುಗಳ ವಿಷಯವೂ ಹಾಗೆಯೇ. ಯಾವ ಪರಮಾಣು ಎಷ್ಟು ಶಾಖದಲ್ಲಿ 'ಕೂಗುತ್ತದೆ', ಯಾವುದು ಮೌನವಾಗಿರುತ್ತದೆ ಎಂಬುದನ್ನು ತಿಳಿಯದೆ ಎಣಿಕೆ ಸಾಧ್ಯವಿರಲಿಲ್ಲ.

ಈ ಬೀಗಕ್ಕೆ ಕೀಲಿಯನ್ನು ಒದಗಿಸಿದವರು ಮೇಘನಾದ ಸಾಹಾ. ಢಾಕಾ ಬಳಿಯ ಹಳ್ಳಿಯೊಂದರಲ್ಲಿ, ಸಣ್ಣ ಅಂಗಡಿಕಾರನೊಬ್ಬನ ಮಗನಾಗಿ ೧೮೯೩ರಲ್ಲಿ ಜನಿಸಿದ ಅವರು ಕಡುಬಡತನದಲ್ಲಿ ವಿದ್ಯೆ ಗಳಿಸಿ, ೧೯೨೦ರಲ್ಲಿ ಕಲ್ಕತ್ತೆಯಿಂದ ಒಂದು ಪ್ರಬಂಧವನ್ನು ಪ್ರಕಟಣೆಗೆ ಕಳುಹಿಸಿದರು. ಶಾಖ ಏರಿದಂತೆ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಹೇಗೆ ಕಳೆದುಕೊಳ್ಳುತ್ತವೆ, ಅದರಿಂದ ಗೆರೆಗಳು ಹೇಗೆ ದಟ್ಟವಾಗುತ್ತವೆ ಇಲ್ಲವೆ ಮಾಯವಾಗುತ್ತವೆ ಎಂಬುದನ್ನು ಅವರ ಸಮೀಕರಣ ನಿಖರವಾಗಿ ಹೇಳಿತು. ದೊಡ್ಡ ದೂರದರ್ಶಕವಾಗಲಿ, ವೀಕ್ಷಣಾಲಯವಾಗಲಿ ಅವರ ಬಳಿ ಇರಲಿಲ್ಲ. ಇದ್ದದ್ದು ಕಾಗದ, ಲೇಖನಿ ಮತ್ತು ಅಸಾಧಾರಣ ಬುದ್ಧಿ.

ಆ ಕೀಲಿಯನ್ನು ತಿರುಗಿಸಿದವಳು ಸಿಸಿಲಿಯಾ ಪೇನ್ ಎಂಬ ಆಂಗ್ಲ ತರುಣಿ. ಕೇಂಬ್ರಿಜ್‌ನಲ್ಲಿ ವ್ಯಾಸಂಗವನ್ನು ಮುಗಿಸಿದರೂ ಆಕೆಗೆ ಪದವಿ ದೊರೆಯಲಿಲ್ಲ. ಏಕೆಂದರೆ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಆ ವಿಶ್ವವಿದ್ಯಾಲಯ ಒಪ್ಪಿದ್ದು ೧೯೪೮ರಲ್ಲಿ. ೧೯೨೩ರಲ್ಲಿ ಆಕೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯವನ್ನು ಸೇರಿದಳು. ಅಲ್ಲಿ ನಕ್ಷತ್ರಗಳ ರೋಹಿತಗಳನ್ನು ಸೆರೆಹಿಡಿದ ಗಾಜಿನ ಫಲಕಗಳು ರಾಶಿರಾಶಿಯಾಗಿದ್ದುವು. ಸಾಹಾರ ಸಮೀಕರಣವನ್ನು ಅವುಗಳಿಗೆ ಅನ್ವಯಿಸಿ ಆಕೆ ಪರಮಾಣುಗಳ ಗಣತಿಗೆ ಕುಳಿತಳು.

ಫಲಿತಾಂಶ ಆಕೆಯನ್ನೇ ಬೆರಗುಗೊಳಿಸಿತು. ಕಬ್ಬಿಣ, ಸಿಲಿಕಾನ್ ಮೊದಲಾದ ಭಾರವಾದ ಮೂಲವಸ್ತುಗಳು ಪರಸ್ಪರ ಹೆಚ್ಚುಕಡಿಮೆ ಭೂಮಿಯಲ್ಲಿರುವ ಪ್ರಮಾಣದಲ್ಲೇ ನಕ್ಷತ್ರಗಳಲ್ಲಿಯೂ ಇದ್ದುವು. ಆದರೆ ಜಲಜನಕ ಮಾತ್ರ ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು! ಸೂರ್ಯನ ಶಾಖದಲ್ಲಿ ಹತ್ತಾರು ಕೋಟಿ ಜಲಜನಕದ ಪರಮಾಣುಗಳಲ್ಲಿ ಒಂದು ಮಾತ್ರ ಕಣ್ಣಿಗೆ ಕಾಣುವ ಗೆರೆಯನ್ನು ಮೂಡಿಸುವ ಸ್ಥಿತಿಯಲ್ಲಿರುತ್ತದೆ. ಹಾಗಿದ್ದೂ ಗೆರೆ ಕಾಣುತ್ತದೆಂದ ಮೇಲೆ ಮೌನವಾಗಿರುವ ಪರಮಾಣುಗಳ ಸಂಖ್ಯೆ ಎಷ್ಟಿರಬೇಕು!

ಆಕೆಯ ಪ್ರಬಂಧದ ಕರಡು ಪ್ರಿನ್ಸ್‌ಟನ್ನಿನ ಹೆನ್ರಿ ನಾರಿಸ್ ರಸೆಲ್‌ರ ಬಳಿಗೆ ಹೋಯಿತು. ಅಮೆರಿಕದ ಖಗೋಳಶಾಸ್ತ್ರದಲ್ಲಿ ರಸೆಲ್‌ರ ಮಾತೆಂದರೆ ಅಂತಿಮ ಮಾತು. ಇಷ್ಟೊಂದು ಜಲಜನಕ ಇರುವುದು ಅಸಂಭವವೆಂದು ಅವರು ತಿಳಿಸಿದರು. ಇಪ್ಪತ್ತೈದರ ಹರೆಯದ ವಿದ್ಯಾರ್ಥಿನಿ ಏನು ಮಾಡಿಯಾಳು? ೧೯೨೫ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ತಾನು ಕಂಡ ಈ ಸಂಖ್ಯೆ ಬಹುಶಃ ವಾಸ್ತವವಲ್ಲವೆಂದು ತಾನೇ ಬರೆದಳು. ನಾಲ್ಕು ವರ್ಷಗಳ ಅನಂತರ ರಸೆಲ್‌ರೇ ಬೇರೊಂದು ಮಾರ್ಗದಿಂದ ಅದೇ ನಿರ್ಣಯಕ್ಕೆ ಬಂದರು; ಪೇನ್‌ಳ ಫಲಿತಾಂಶವನ್ನು ತಮ್ಮ ಲೇಖನದಲ್ಲಿ ಸ್ಮರಿಸಿದರು ಕೂಡ. ಆದರೂ ಬಹುಕಾಲ ಕೀರ್ತಿ ಸಂದದ್ದು ಅವರಿಗೇ.

ಇಂದು ಈ ವಿಷಯದಲ್ಲಿ ಸಂದೇಹವಿಲ್ಲ. ಸೂರ್ಯನ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು ೭೪ ಪಾಲು ಜಲಜನಕ, ೨೫ ಪಾಲು ಹೀಲಿಯಮ್. ಉಳಿದೆಲ್ಲವೂ ಸೇರಿ ಒಂದೆರಡು ಪಾಲಿಗಿಂತ ಹೆಚ್ಚಿಲ್ಲ. ಪೇನ್‌ಳ ಪಾಠಗಳ ಹೆಸರು ಹಾರ್ವರ್ಡಿನ ಪಠ್ಯಪಟ್ಟಿಯಲ್ಲಿ ಅಚ್ಚಾದದ್ದು ೧೯೪೫ರಲ್ಲಿ. ಪ್ರಾಧ್ಯಾಪಕ ಪದವಿ ದೊರೆತದ್ದು ೧೯೫೬ರಲ್ಲಿ. ಸಾಹಾ ಕಣ್ಮುಚ್ಚಿದ ವರ್ಷವೂ ಅದೇ. ೧೯೭೬ರಲ್ಲಿ ಅಮೆರಿಕದ ಖಗೋಳ ಸಂಘವು ಆಕೆಗೆ ಕೊಟ್ಟ ಅತ್ಯುನ್ನತ ಗೌರವಕ್ಕೆ ರಸೆಲ್‌ರ ಹೆಸರೇ ಇದ್ದದ್ದು ಕಾಲದ ವಿನೋದ! ಹಿರಿಯರ ಮಾತಿಗೆ ಬಗ್ಗಿ ಕಂಡ ಸತ್ಯವನ್ನು ಸಮರ್ಥಿಸದೆ ಹೋದದ್ದು ತನ್ನದೇ ತಪ್ಪೆಂದು ಆಕೆ ಇಳಿವಯಸ್ಸಿನಲ್ಲಿ ಬರೆದುಕೊಂಡಳು, ರಸೆಲ್‌ರನ್ನು ದೂರಲಿಲ್ಲ.

ತಾಯಿಯ ಗುಣ ಮಕ್ಕಳಲ್ಲಿ

ನಕ್ಷತ್ರವೂ ಅದರ ಗ್ರಹಗಳೂ ಒಂದೇ ಮೋಡದ ಮಕ್ಕಳು. ಅನಿಲ ಮತ್ತು ಧೂಳಿನ ಮಹಾಮೇಘವೊಂದು ಕುಸಿದಾಗ ನಡುವೆ ತಾರೆ ಹುಟ್ಟುತ್ತದೆ. ಸುತ್ತ ಉಳಿದ ತಟ್ಟೆಯಂಥ ರಾಶಿಯಿಂದ ಗ್ರಹಗಳು ಹುಟ್ಟುತ್ತವೆ. ತಾರೆಯ ಬಳಿಯ ಶಾಖದಲ್ಲಿ ಹಗುರವಾದ ಅನಿಲಗಳು ಭೂಮಿಯಂಥ ಸಣ್ಣ ಗ್ರಹಗಳಿಗೆ ದಕ್ಕಲಿಲ್ಲ. ಕಬ್ಬಿಣ, ಸಿಲಿಕಾನ್, ಮೆಗ್ನೀಸಿಯಮ್ ಮೊದಲಾದುವು ದಕ್ಕಿದುವು. ಪೇನ್‌ಳ ಗಣತಿಯಲ್ಲಿ ಭಾರವಾದ ವಸ್ತುಗಳ ಪ್ರಮಾಣ ಭೂಮಿಯೊಡನೆ ಹೊಂದಿಕೊಂಡದ್ದೂ, ಜಲಜನಕ ಹೊಂದಿಕೊಳ್ಳದೆ ಹೋದದ್ದೂ ಇದರಿಂದಲೇ.

೧೯೯೫ರಲ್ಲಿ ಮೇಯರ್ ಮತ್ತು ಕೆಲೋಜ್ ಎಂಬ ಸ್ವಿಸ್ ವಿಜ್ಞಾನಿಗಳು ಸೂರ್ಯನಂಥ ಬೇರೊಂದು ತಾರೆಯ ಸುತ್ತ ಗ್ರಹವನ್ನು ಪತ್ತೆಮಾಡಿದರು. ೨೦೨೫ರ ಹೊತ್ತಿಗೆ ಇಂಥ ಹೊರಗ್ರಹಗಳ ಸಂಖ್ಯೆ ೬,೦೦೦ವನ್ನು ದಾಟಿತು. ಭಾರವಾದ ಮೂಲವಸ್ತುಗಳು ಹೆಚ್ಚಾಗಿರುವ ತಾರೆಗಳ ಸುತ್ತ ಗುರುವಿನಂಥ ದೈತ್ಯಗ್ರಹಗಳು ಹೆಚ್ಚಾಗಿ ಸಿಗುತ್ತವೆಂಬುದೂ ಖಚಿತವಾಯಿತು. ತಾರೆಯಲ್ಲಿ ಕಬ್ಬಿಣ ಎಷ್ಟು, ಸಿಲಿಕಾನ್ ಎಷ್ಟು ಎಂದು ಅಳೆದರೆ, ಅದರ ಕಲ್ಲುಗ್ರಹದ ಒಳತಿರುಳು ಎಷ್ಟು ದೊಡ್ಡದಿರಬಹುದೆಂದು ಅಂದಾಜು ಮಾಡಬಹುದು. ಅಂದಾಜು ಯಾವಾಗಲೂ ನಿಜವಾಗಬೇಕೆಂದಿಲ್ಲ. ಭೂಮಿಯ ತೂಕದಲ್ಲಿ ಮೂರನೆಯ ಒಂದು ಪಾಲು ಕಬ್ಬಿಣ. ಅದೇ ಸೂರ್ಯನ ಮನೆಯಲ್ಲಿ ಬೆಳೆದ ಬುಧಗ್ರಹದ ತೂಕದಲ್ಲಿ ಲೋಹದ ಪಾಲು ನೂರಕ್ಕೆ ಸುಮಾರು ೭೦. ಒಂದೇ ತಾಯಿಯ ಮಕ್ಕಳಲ್ಲಿಯೂ ಭೇದವಿರುತ್ತದೆ.

ಗ್ರಹದ ಗಾಳಿಯನ್ನು ನೇರವಾಗಿ ಪರೀಕ್ಷಿಸುವ ಉಪಾಯವೂ ಉಂಟು. ಗ್ರಹವು ತನ್ನ ತಾರೆಯ ಮುಂದೆ ಹಾದುಹೋಗುವಾಗ ತಾರೆಯ ಬೆಳಕಿನ ಒಂದು ಕಿರುಪಾಲು ಆ ಗ್ರಹದ ವಾಯುಮಂಡಲದ ಮೂಲಕ ಸೋಸಿಕೊಂಡು ಬರುತ್ತದೆ. ಆಗ ಹೊಸದಾಗಿ ಕಾಣುವ ಗೆರೆಗಳು ಗ್ರಹದ ಗಾಳಿಯವು. ಹಬಲ್ ದೂರದರ್ಶಕದಿಂದ ಹೀಗೆ ಮೊತ್ತಮೊದಲು ಪತ್ತೆಯಾಗಿ ೨೦೦೨ರಲ್ಲಿ ಪ್ರಕಟವಾದ ವಸ್ತು ಯಾವುದು? ಅಡಿಗೆಯ ಉಪ್ಪಿನಲ್ಲಿರುವ ಅದೇ ಸೋಡಿಯಮ್! ೨೦೨೨ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಸುಮಾರು ೭೦೦ ಜ್ಯೋತಿರ್ವರ್ಷಗಳಾಚೆಯ ಗ್ರಹವೊಂದರಲ್ಲಿ ಇಂಗಾಲದ ಡೈಆಕ್ಸೈಡನ್ನು ಸ್ಪಷ್ಟವಾಗಿ ಗುರುತಿಸಿತು.

ಸತ್ತ ತಾರೆಗಳೂ ಸಾಕ್ಷಿ ನುಡಿಯುತ್ತವೆ. ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ತಾರೆಯಲ್ಲಿ ಭಾರವಾದ ವಸ್ತುಗಳು ಬೇಗನೆ ಒಳಕ್ಕೆ ಮುಳುಗಿಹೋಗಬೇಕು. ಆದರೂ ಕೆಲವು ಶ್ವೇತಕುಬ್ಜಗಳ ಮೇಲ್ಮೈಯಲ್ಲಿ ಕ್ಯಾಲ್ಸಿಯಮ್, ಕಬ್ಬಿಣ, ಮೆಗ್ನೀಸಿಯಮ್ ಕಾಣುತ್ತವೆ. ಒಡೆದುಹೋದ ಗ್ರಹಗಳ ಕಲ್ಲುಗಳು ಈಚೆಗೆ ಅವುಗಳ ಮೇಲೆ ಬಿದ್ದಿವೆ ಎಂಬುದೇ ಇದಕ್ಕೆ ಸಮರ್ಪಕ ವಿವರಣೆ. ಅಂಥ ಒಂದು ತಾರೆಯ ರೋಹಿತವನ್ನು ೧೯೧೭ರಲ್ಲೇ ಮೌಂಟ್ ವಿಲ್ಸನ್ನಿನಲ್ಲಿ ಗಾಜಿನ ಫಲಕದ ಮೇಲೆ ಸೆರೆಹಿಡಿದಿದ್ದರು. ಅದರ ಮಹತ್ವ ಅರಿವಾಗಲು ಸುಮಾರು ನೂರು ವರ್ಷ ಬೇಕಾಯಿತು.

ಈ ಕಾರ್ಯ ನಮ್ಮವರಿಗೆ ದೂರದ್ದಲ್ಲ. ಲಡಾಖಿನ ಹಾನ್ಲೆಯಲ್ಲಿ, ೪,೫೦೦ ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಗೋಳಭೌತವಿಜ್ಞಾನ ಸಂಸ್ಥೆಯ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ. ಅದಕ್ಕೆ ಜೋಡಿಸಿದ ರೋಹಿತದರ್ಶಕವು ತಾರೆಗಳ ಗೆರೆಗಳನ್ನು ಬಿಡಿಸಿ ತೋರಿಸುತ್ತದೆ.

೨೦೨೫ರಲ್ಲಿ ಕೇಂಬ್ರಿಜ್‌ನ ತಂಡವೊಂದು, ಭಾರತದಲ್ಲಿ ಜನಿಸಿದ ನಿಕ್ಕು ಮಧುಸೂದನ್‌ರ ನೇತೃತ್ವದಲ್ಲಿ, ೧೨೪ ಜ್ಯೋತಿರ್ವರ್ಷ ದೂರದ ಕೆ೨-೧೮ಬಿ ಎಂಬ ಗ್ರಹದ ಗಾಳಿಯಲ್ಲಿ ಒಂದು ವಿಶಿಷ್ಟ ಅನಿಲದ ಸುಳಿವು ಕಂಡಿತೆಂದು ಪ್ರಕಟಿಸಿತು. ಭೂಮಿಯ ಕಡಲುಗಳಲ್ಲಿ ಆ ಅನಿಲವನ್ನು ಉತ್ಪತ್ತಿಮಾಡುವುವು ಸೂಕ್ಷ್ಮಜೀವಿಗಳು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಆದರೆ ಅದೇ ಬೆಳಕನ್ನು ಮತ್ತೆ ಪರೀಕ್ಷಿಸಿದ ಬೇರೆ ತಂಡಗಳು, ಗೆರೆ ಅಷ್ಟು ಸ್ಫುಟವಾಗಿಲ್ಲವೆಂದು ಆಕ್ಷೇಪಿಸಿದುವು. ಒಬ್ಬ ಹಿರಿಯರ ಕಾಗದದಿಂದ ಈ ವಾದ ಮುಗಿಯಲಿಲ್ಲ, ಮುಗಿಯಬೇಕಾದದ್ದೂ ಇಲ್ಲ. ಎಲ್ಲರ ಮುಂದೆಯೂ ಅದೇ ರೋಹಿತ ಹರಡಿದೆ. ಇನ್ನಷ್ಟು ಬೆಳಕನ್ನು ಸಂಗ್ರಹಿಸಿ ಮತ್ತೆ ಎಣಿಸಬಹುದು. ಗೆರೆ ಅಲ್ಲಿದ್ದರೆ ಅಸಂಭವವೆಂದವರು ಒಪ್ಪಬೇಕಾಗುತ್ತದೆ. ಇಲ್ಲದಿದ್ದರೆ ಕಂಡೆವೆಂದವರು ಹಿಂದೆ ಸರಿಯಬೇಕಾಗುತ್ತದೆ.