ರೋಗ ಮದ್ದಿಗೆ ಬಗ್ಗದಾಗ

ಕ್ಯಾನ್ಸರ್ ರೋಗವು ಮೊದಲು ಮದ್ದಿಗೆ ಬಗ್ಗಿ, ಕೆಲವು ಕಾಲದ ಮೇಲೆ ಅದೇ ಮದ್ದಿಗೆ ಜಗ್ಗದೆ ಮತ್ತೆ ತಲೆಯೆತ್ತುವುದುಂಟು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗಿರಣಿ ಕೆಲಸಗಾರರಲ್ಲಿ, ಸಣ್ಣ ವ್ಯಾಪಾರಿಗಳಲ್ಲಿ ಇದನ್ನು ಹಣೆಬರಹವೆಂದು ಬಗೆದು ಕೈಚೆಲ್ಲುವವರಿದ್ದಾರೆ. ಇದು ಹಣೆಬರಹವಲ್ಲವೆಂದು ನಾವು ಹೇಳಬಯಸುತ್ತೇವೆ.

ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರ ತಂಡ ಅಮೆರಿಕದಲ್ಲಿ ತಯಾರಿಸಿದ ಅಮಿನೊಪ್ಟೆರಿನ್ ಮದ್ದನ್ನು ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. 1948ರ ಅವರ ವರದಿಯಂತೆ 10 ಮಕ್ಕಳು ಚೇತರಿಸಿಕೊಂಡರು; ಆದರೆ ರೋಗ ಮರಳಿತು. ಒಂದು ಮದ್ದಿನಿಂದ ತಪ್ಪಿಸಿಕೊಂಡ ಜೀವಕಣ ಇನ್ನೊಂದಕ್ಕೆ ಸಿಕ್ಕೀತೆಂದು 1960ರ ದಶಕದಲ್ಲಿ ಅಲ್ಲಿಯ ವೈದ್ಯರು ನಾಲ್ಕು ಮದ್ದುಗಳನ್ನು ಜೊತೆಗೂಡಿಸಿದರು. 1976ರಲ್ಲಿ ಜುಲಿಯಾನೊ ಮತ್ತು ಲಿಂಗ್ ಎಂಬ ವಿಜ್ಞಾನಿಗಳು ಮದ್ದಿಗೆ ಬಗ್ಗದ ಕಣದ ಹೊರಪೊರೆಯಲ್ಲಿ ಒಂದು ಪ್ರೋಟೀನನ್ನು ಗುರುತಿಸಿದರು. ದೋಣಿಗೆ ನುಗ್ಗಿದ ನೀರನ್ನು ಅಂಬಿಗ ಮೊಗೆದು ಚೆಲ್ಲುವಂತೆ ಅದು ಒಳಬಂದ ಮದ್ದನ್ನು ಹೊರಹಾಕುತ್ತದೆ. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದಿತು. ಅದು ಹಿಡಿಯಬೇಕಾದ ಪ್ರೋಟೀನೇ ರೂಪ ಬದಲಿಸಿ ನುಣುಚಿಕೊಳ್ಳುವುದು ಅದೇ ವರ್ಷ ತಿಳಿಯಿತು. ಮುಂದೆ ಅದಕ್ಕೂ ಹೊಸ ಮದ್ದುಗಳು ಬಂದವು.

ಇದರ ಪಾಠ ಸ್ಪಷ್ಟ. ಮದ್ದು ನಡುವೆ ನಿಲ್ಲಬಾರದು. ಒಂದು ಸೋತರೆ ಇನ್ನೊಂದು ಕೈಗೆ ಸಿಗಬೇಕು. ಆದರೆ ಹೊಸ ಮದ್ದಿನ ಬೆಲೆ ಕಟ್ಟುವವರು ಯಾರು? ಇಮ್ಯಾಟಿನಿಬ್‌ಗೆ ನೋವಾರ್ಟಿಸ್ ಕಂಪೆನಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಕೇಳುತ್ತಿದ್ದಾಗ ನಮ್ಮ ದೇಶದ ತಯಾರಕರು ಸುಮಾರು 8 ಸಾವಿರಕ್ಕೆ ಕೊಡುತ್ತಿದ್ದರು. ಆ ಕಂಪೆನಿಯ ಪೇಟೆಂಟ್ ಬೇಡಿಕೆಯನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಅದಕ್ಕೂ ಮುಂಚೆ, 2012ರಲ್ಲಿ, ಸೊರಾಫೆನಿಬ್ ಎಂಬ ಮತ್ತೊಂದು ಕ್ಯಾನ್ಸರ್ ಮದ್ದಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟಾಗ ತಿಂಗಳ ಬೆಲೆ 2.8 ಲಕ್ಷದಿಂದ 8,880 ರೂಪಾಯಿಗೆ ಇಳಿಯಿತು. ಕಾನೂನಿಗೆ ಶಕ್ತಿಯಿದೆ, ಅದನ್ನು ಬಳಸುವ ಮನಸ್ಸು ಸರ್ಕಾರಕ್ಕೆ ಬೇಕು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿಬರುವ ನಮ್ಮ ಕಡೆಯ ರೋಗಿಗೆ ಮದ್ದಿನ ಬೆಲೆಯೊಂದೇ ಹೊರೆಯಲ್ಲ. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಮುಚ್ಚಿದ ಅಂಗಡಿ ಎಲ್ಲವೂ ಸೇರುತ್ತವೆ. ಚಿಕಿತ್ಸೆ ಅರ್ಧಕ್ಕೆ ನಿಂತರೆ ಉಳಿದ ರೋಗಕಣಗಳಿಗೆ ಅದೇ ಸುಗ್ಗಿ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೆ. ಒಮ್ಮೆ ಆರಂಭವಾದ ಕ್ಯಾನ್ಸರ್ ಮದ್ದು ಈ ಮೂರು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ತಪ್ಪದೆ, ಉಚಿತವಾಗಿ ಸಿಗಲಿ. ಚಿಕಿತ್ಸೆಯ ದಿನಗಳ ಕೂಲಿಗೆ ಪರಿಹಾರ ದೊರೆಯಲಿ. ಮೊದಲ ಮದ್ದು ಸೋತವರಿಗೆ ಬೇಕಾದ ಹೊಸ ಮದ್ದು ಕೈಗೆಟುಕದಿದ್ದರೆ ಕಡ್ಡಾಯ ಲೈಸೆನ್ಸಿನ ಅಸ್ತ್ರವನ್ನು ಹೊರತೆಗೆಯಲಿ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯಲ್ಲಿ ನ್ಯಾಯ ಕೇಳಿದರು. ಅದೇ ನೆಲದವರು ಇಂದು ಮದ್ದಿನ ಬೆಲೆಯಲ್ಲಿ ನ್ಯಾಯ ಕೇಳಬೇಕಾಗಿದೆ.