ಟಿಸಿಎಸ್ ಕಡಿಯುವ ಮುನ್ನ ಒಂದು ಪ್ರಶ್ನೆ ಕೇಳಿಸಿ

ಮಾನ್ಯ ಶ್ರೀ ಸಂಜಯ್ ಮಲ್ಹೋತ್ರಾ ಅವರಿಗೆ,
ಗವರ್ನರ್, ಭಾರತೀಯ ರಿಸರ್ವ್ ಬ್ಯಾಂಕ್,
ಶಹೀದ್ ಭಗತ್ ಸಿಂಗ್ ಮಾರ್ಗ, ಫೋರ್ಟ್, ಮುಂಬಯಿ



ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಹೋಟೆಲ್ ನಡೆಸುವ ಕುಟುಂಬಗಳು ನಮ್ಮ ಉಪನಗರ ಬೊರಿವಲಿಯಲ್ಲಿ ಬೇಕಾದಷ್ಟಿವೆ. ಅವರಲ್ಲಿ ಕೆಲವರ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಹೊಸ ಶಾಖೆ ಎಂದರೆ ಅಂಧೇರಿಯೋ ಥಾಣೆಯೋ ಎನ್ನುತ್ತಿದ್ದವರು ಈಗ ದುಬೈ, ಶಾರ್ಜಾ ಎನ್ನುತ್ತಾರೆ. ಅದಕ್ಕೆ ಕಾರಣವೂ ಇದೆ. ಯುಎಇ ಪೇಟೆಯಲ್ಲಿ ಕಂಪನಿ ಮಾಡಬೇಕಾದರೆ ಶೇ 51 ಪಾಲು ಅಲ್ಲಿಯ ಪ್ರಜೆಯ ಹೆಸರಿನಲ್ಲಿರಬೇಕೆಂಬ ನಿಯಮ 2021ರ ಜೂನ್‌ನಿಂದ ಹೆಚ್ಚಿನ ವ್ಯಾಪಾರಗಳಿಗೆ ಹೋಯಿತು. ಊರಿನವನೊಬ್ಬ, ಅಳಿಯನೋ ಅಣ್ಣನ ಮಗನೋ, ಅಲ್ಲಿ ಇದ್ದೇ ಇರುತ್ತಾನೆ. "ಮಾವ, ನೀವು ಮೂವತ್ತು ಲಕ್ಷ ಹಾಕಿ, ನಡೆಸುವ ಜವಾಬ್ದಾರಿ ನನ್ನದು" ಎಂದು ಫೋನು ಬರುತ್ತದೆ.

ಮಾವನಿಗೆ ಕಾನೂನಿನ ಹೆದರಿಕೆ ಇಲ್ಲವೆಂದಲ್ಲ. ಗುಮಾಸ್ತಾ ಲೈಸೆನ್ಸ್, ಈಟಿಂಗ್ ಹೌಸ್ ಪರವಾನಗಿ, ಫೈರ್ ಎನ್‌ಒಸಿಗಳ ಹಿಂದೆ ಓಡಾಡಿಯೇ ಅವರ ಕೂದಲು ಬೆಳ್ಳಗಾಗಿದೆ. ದುಬೈನ ಆಹಾರ ಪರವಾನಗಿ, ಕೆಲಸದವರ ವೀಸಾ, 3,75,000 ದಿರಮ್ ದಾಟಿದ ಲಾಭದ ಮೇಲಿನ ಶೇ 9 ತೆರಿಗೆ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಾರೆ. ಅವರು ವಿಚಾರಿಸದೇ ಬಿಡುವುದು ನಮ್ಮದೇ ದೇಶದ ಕಾನೂನನ್ನು. ಬೊರಿವಲಿಯಲ್ಲಿ ಕೂತು ದುಬೈಗೆ ಬಂಡವಾಳ ಹಾಕುವವನ ಕೈ ಮೊದಲು ಹಿಡಿಯುವುದು ವಿದೇಶಿ ವಿನಿಮಯ ಕಾನೂನಾದ ಫೆಮಾ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

2022ರ ಆಗಸ್ಟ್ 22ರಂದು ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ಕೆಟ್ಟವೇನಲ್ಲ. ಹಿಂದಿನದಕ್ಕಿಂತ ಎಷ್ಟೋ ಸರಳ. ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಸಾಮಾನ್ಯನೂ ಹೊರದೇಶದ ಕಂಪನಿಯಲ್ಲಿ ಪಾಲು ತೆಗೆದುಕೊಳ್ಳಬಹುದು. ಆದರೆ ಅದಕ್ಕೆ ಮೆಟ್ಟಿಲುಗಳಿವೆ. ಹಣ ಹೋಗುವ ಮುನ್ನವೇ ಬ್ಯಾಂಕಿನ ಮೂಲಕ ಎಫ್‌ಸಿ ಫಾರ್ಮ್ ಕೊಟ್ಟು ನಿಮ್ಮಿಂದ ಯುಐಎನ್ ಎಂಬ ಗುರುತಿನ ನಂಬರ್ ಪಡೆಯಬೇಕು. ಆರು ತಿಂಗಳೊಳಗೆ ಷೇರು ಪತ್ರ ಒಪ್ಪಿಸಬೇಕು. ಶೇ 10ಕ್ಕಿಂತ ಕಡಿಮೆ ಪಾಲಿದ್ದು ಹಿಡಿತವೂ ಇಲ್ಲದವರನ್ನು ಬಿಟ್ಟರೆ, ಉಳಿದವರು ಪ್ರತಿ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಕೊಡಬೇಕು.

ನಮ್ಮವರು ಎಡವುವುದು ಇದಕ್ಕೂ ಮೊದಲೇ. ಹೂಡಿಕೆ ಹೋಗುವ ಸಂಸ್ಥೆ ಸೀಮಿತ ಹೊಣೆಗಾರಿಕೆಯದಾಗಿರಬೇಕು ಎನ್ನುತ್ತದೆ ನಿಯಮ. ಅಳಿಯನ ಕೆಫೆಟೇರಿಯಾ ಅವನೊಬ್ಬನ ಹೆಸರಿನ ಲೈಸೆನ್ಸಿನಲ್ಲಿ ನಡೆಯುತ್ತಿದ್ದರೆ ಅದರಲ್ಲಿ ಮಾವ ಪಾಲುದಾರನಾಗುವಂತೆಯೇ ಇಲ್ಲ. ಎಲ್‌ಎಲ್‌ಸಿ ಮಾಡಿಕೊಂಡರೂ ಮಾವ ತೆಗೆದುಕೊಳ್ಳಬಹುದಾದದ್ದು ಷೇರು ಮಾತ್ರ, ಆ ಕಂಪನಿಗೆ ಕೈಸಾಲ ಕೊಡುವಂತಿಲ್ಲ. ಮುಂಬಯಿಯಲ್ಲಿ ಹೋಟೆಲನ್ನು ಬೇರೆಯವರು ನಡೆಸುವಂತೆ ಕಂಡಕ್ಟಿಂಗ್‌ಗೆ ಕೊಟ್ಟು, ಪಾಲನ್ನು ಬಾಯಿಮಾತಿನಲ್ಲೇ ಹಂಚಿಕೊಂಡು ಮೂರು ತಲೆಮಾರು ಬದುಕಿದವರಿಗೆ ಇದು ಹೇಗೆ ಹೊಳೆಯಬೇಕು?

ಹೊಳೆಸಬೇಕಾದ ಜಾಗ ಬ್ಯಾಂಕಿನ ಕೌಂಟರ್. ಅಲ್ಲಿ ಆಗುವುದನ್ನು ಕೇಳಿ. ನನ್ನ ಕಕ್ಷಿದಾರರೊಬ್ಬರು ಹೊರದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ಹಿಡಿದು ನಿಂತಿದ್ದಾಗ ಕೌಂಟರಿನವರು "ಯಾರಿಗೆ?" ಎಂದರು. "ಅಳಿಯನಿಗೆ." ಅಷ್ಟೇ. ಉದ್ದೇಶದ ಕಡೆ 'ಬಂಧುಗಳ ಜೀವನ ನಿರ್ವಹಣೆ' ಎಂದು ಗುರುತು ಬಿತ್ತು, ಇವರು ಸಹಿ ಹಾಕಿದರು. ಮಗಳ ಗಂಡ ಹಸಿದಿದ್ದರೆ ಆ ಗುರುತು ಸರಿ. ಹೋಟೆಲಿನ ಬಂಡವಾಳಕ್ಕೆ ಅದು ಸುಳ್ಳು ಘೋಷಣೆ. ಮುಂದೆ ಹೋಟೆಲ್ ಮಾರಿ ಪಾಲಿನ ಹಣ ವಾಪಸು ತರಹೊರಟಾಗ ಯುಐಎನ್ ಕೊಡಿ ಎಂದರೆ ತೋರಿಸಲು ಏನೂ ಇಲ್ಲ. ಫೆಮಾದ 13ನೇ ಸೆಕ್ಷನ್ ಪ್ರಕಾರ ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ಅದೇ ಕೌಂಟರ್ ಮೂಲದಲ್ಲೇ ತೆರಿಗೆ ವಸೂಲಿಗೆ ಮಾತ್ರ ಬಹಳ ಚುರುಕು. ವರ್ಷದಲ್ಲಿ 10 ಲಕ್ಷ ದಾಟಿದ ಮೊತ್ತಕ್ಕೆ ಶೇ 20 ಟಿಸಿಎಸ್. ಮೂವತ್ತು ಲಕ್ಷ ಕಳಿಸುವವನಿಂದ ನಾಲ್ಕು ಲಕ್ಷ ಅಲ್ಲೇ ಕಡಿತ. ರಿಟರ್ನ್ ಸಲ್ಲಿಸಿದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ ಎನ್ನುವುದು ಬೇರೆ ಮಾತು. 2023ರ ಅಕ್ಟೋಬರ್‌ನಿಂದ ಈ ದರ ಶೇ 20ಕ್ಕೆ ಏರಿದಾಗ ಕಂದಾಯ ಕಾರ್ಯದರ್ಶಿಯಾಗಿದ್ದವರು ತಾವೇ. ಒಂದು ರೂಪಾಯಿಯೂ ತಪ್ಪದಂತೆ ತೆರಿಗೆ ಹಿಡಿಯಲು ಕಲಿತ ಕಂಪ್ಯೂಟರಿಗೆ "ಈ ಹಣ ವ್ಯಾಪಾರಕ್ಕೆ ಹೋಗುತ್ತಿದೆಯೇ?" ಎಂದು ಕೇಳಲು ಕಲಿಸುವುದು ಕಷ್ಟವೇ?

ಹಾಗಾಗಿ ನನ್ನ ಬೇಡಿಕೆ ಮೂರು. ಮೊದಲನೆಯದು, ಹೊರದೇಶಕ್ಕೆ ದೊಡ್ಡ ಮೊತ್ತ ಕಳಿಸುವ ಪ್ರತಿಯೊಬ್ಬನಿಗೂ ಆ ಪ್ರಶ್ನೆ ಕಡ್ಡಾಯವಾಗಲಿ. ಹೌದು ಎಂದವನ ಕೈಗೆ ಅವನ ಭಾಷೆಯಲ್ಲಿ ಒಂದೇ ಪುಟದ ಸೂಚನೆ ಸಿಗಲಿ. ಬೊರಿವಲಿಯ ಮಟ್ಟಿಗೆ ಅದು ಮರಾಠಿ, ಗುಜರಾತಿ, ಕನ್ನಡ. ಎರಡನೆಯದು, ತಪ್ಪು ಗುರುತಿನಿಂದ ಸಿಕ್ಕಿಬಿದ್ದ ಸಣ್ಣ ಹೂಡಿಕೆದಾರ ತಾನಾಗಿ ಬಂದು ಹೇಳಿಕೊಂಡರೆ, ಹಣ ಕಟ್ಟಿ ತಪ್ಪನ್ನು ಇತ್ಯರ್ಥ ಮಾಡಿಕೊಳ್ಳುವ ಕಂಪೌಂಡಿಂಗ್ ಅರ್ಜಿಯನ್ನು ವಕೀಲರಿಲ್ಲದೆ ತಾನೇ ತುಂಬುವಷ್ಟು ಸುಲಭ ಮಾಡಿ. ಮೂರನೆಯದು, 'ಆರ್‌ಬಿಐ ಕೆಹ್ತಾ ಹೈ' ಎಂದು ಅಮಿತಾಭ್ ಬಚ್ಚನ್ ಅವರ ಬಾಯಲ್ಲಿ ಮನೆಮನೆಗೆ ಹೇಳಿಸಿದ ತಾವು ನಿಮ್ಮ ವಿದೇಶಿ ವಿನಿಮಯ ವಿಭಾಗದ ಅಧಿಕಾರಿಗಳನ್ನು ಉಪನಗರಗಳಿಗೂ ಕಳಿಸಿ. ಹೋಟೆಲಿಗರ ಸಂಘ 'ಆಹಾರ್' ಇದೆ, ಊರಿನವರ ಜಾತಿ ಸಂಘಗಳಿವೆ. ಅವರ ಸಭೆಗಳಲ್ಲಿ ಒಂದು ಗಂಟೆ ಮಾತಾಡಿದರೂ ಸಾಕು.

ಇಷ್ಟು ಮಾಡಿದ ಮೇಲೂ ಸುಳ್ಳು ಗುರುತು ಹಾಕಿ ಹಣ ಕಳಿಸುವವನಿಗೆ ಮೂರು ಪಟ್ಟು ದಂಡ ಹಾಕಿ, ನಾನು ಅವನ ಪರ ಅರ್ಜಿ ಬರೆಯುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಬೊರಿವಲಿ ಪಶ್ಚಿಮದ ಒಬ್ಬ ಕನ್ನಡಿಗ ಲೆಕ್ಕಪರಿಶೋಧಕ