ಬಂಡೆಯ ಬಿರುಕೂ ಲೆಕ್ಕದ ಜಾಲವೂ

ನೆಲದೊಳಗಣ ಬಂಡೆ ಅಣೆಕಟ್ಟಿನ ಭಾರವನ್ನು ತಾಳಬಲ್ಲುದೆ ಎಂಬುದನ್ನು ಇಂದು ಕಂಪ್ಯೂಟರು ಲೆಕ್ಕಹಾಕಿ, ಬಣ್ಣದ ಚಿತ್ರದಲ್ಲಿ ತೋರಿಸುತ್ತದೆ. ಚಿತ್ರವನ್ನು ಎಲ್ಲರೂ ಮೆಚ್ಚುತ್ತಾರೆ. ಲೆಕ್ಕಕ್ಕೆ ಮೊದಲು ಬಂಡೆಯನ್ನು ಹೇಗೆ ತುಂಡರಿಸಿದರೆಂದು ಕೇಳುವವರು ವಿರಳ. ಮೊದಲು ಕೇಳಬೇಕಾದುದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು ರೇ ಕ್ಲಫ್ 1960ರಲ್ಲಿ ಬಳಕೆಗೆ ತಂದರು. ಈ ಕ್ರಮದಲ್ಲಿ ವಸ್ತುವನ್ನು ನಾಲ್ಕು ಮುಖಗಳ ಚತುಷ್ಫಲಕಗಳಂಥ ತುಂಡುಗಳಾಗಿ ವಿಭಾಗಿಸಿ, ಅವುಗಳ ಮೂಲೆಗಳು ಎಷ್ಟೆಷ್ಟು ಸರಿಯುವುವೆಂದು ಸಮೀಕರಣಗಳಿಂದ ಕಂಡುಹಿಡಿಯುತ್ತಾರೆ. ಈ ತುಂಡುಗಳ ಜಾಲವೇ ಮೆಷ್. ಯಂತ್ರದ ಬಿಡಿಭಾಗಕ್ಕೆ ಇದನ್ನು ಹೆಣೆಯುವುದು ಅಷ್ಟು ಕಷ್ಟವಲ್ಲ. ಅದರ ನಕ್ಷೆಯನ್ನು ಮನುಷ್ಯನೇ ಬರೆದಿರುತ್ತಾನೆ. ಬಂಡೆಯ ಸಂಗತಿ ಹಾಗಲ್ಲ. ಅಲ್ಲಲ್ಲಿ ಕೊರೆದ ರಂಧ್ರಗಳಿಂದ ಭೂವಿಜ್ಞಾನಿಯು ಊಹಿಸಿದ ಸ್ತರಗಳ ಮೇಲ್ಮೈಗಳು ಒಂದನ್ನೊಂದು ದಾಟಿರುತ್ತವೆ, ಇಲ್ಲವೆ ನಡುವೆ ತೆರಪು ಬಿಟ್ಟಿರುತ್ತವೆ. ಕಣ್ಣಿಗೆ ಇದು ಬಾಧಕವಲ್ಲ. ಲೆಕ್ಕಕ್ಕೆ ಮಾತ್ರ ನೆರೆಯ ತುಂಡುಗಳು ಮೂಲೆಗೆ ಮೂಲೆ ಕೂಡಬೇಕು. ಸ್ತರವೊಂದು ತೆಳುವಾಗುತ್ತ ಅಳಿದುಹೋಗುವೆಡೆಯಲ್ಲಂತೂ ಚತುಷ್ಫಲಕಗಳು ಹಪ್ಪಳದಂತೆ ಚಪ್ಪಟೆಯಾಗಿ, ಉತ್ತರವೇ ಕೆಡುವುದುಂಟು.

ಎಲ್ಲೆಡೆಯೂ ಸಣ್ಣ ತುಂಡುಗಳನ್ನೇ ಮಾಡಿದರಾಗದೆ? 1 ಕಿಲೋಮೀಟರ್ ಅಂಚಿನ ಘನವನ್ನು 1 ಮೀಟರಿನ ಘನಗಳಾಗಿ ಕತ್ತರಿಸಿದರೆ 100 ಕೋಟಿ ತುಂಡುಗಳಾಗುತ್ತವೆ! ಆದುದರಿಂದ ಮುಖ್ಯವಾದ ಎಡೆಯಲ್ಲಿ ಸಣ್ಣವನ್ನೂ ದೂರದಲ್ಲಿ ದೊಡ್ಡವನ್ನೂ ಇಡುತ್ತಾರೆ. ಇನ್ನೂ ಸುಲಭವಾದ ಉಪಾಯವೊಂದಿದೆ: ತೊಂದರೆ ಕೊಡುವ ತೆಳುಪದರವನ್ನು ಅಳಿಸಿಬಿಡುವುದು. ಅಪಾಯವಿರುವುದು ಇಲ್ಲಿಯೇ.

ಫ್ರಾನ್ಸಿನ ಫ್ರೆಜುಸ್ ಪಟ್ಟಣದ ಮೇಲ್ಗಡೆಯಿದ್ದ ಮಾಲ್‌ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು, 400ಕ್ಕೂ ಹೆಚ್ಚು ಜನ ಮಡಿದರು. ದೋಷ ಕಾಂಕ್ರೀಟಿನದಲ್ಲ. ಎಡದಂಡೆಯ ನೈಸ್ ಶಿಲೆಯೊಳಗೆ ನೀರಿನ ಒತ್ತಡವೇರಿ, ಸ್ತರಭಂಗವೊಂದರ, ಎಂದರೆ ಬಂಡೆ ಹಿಂದೆಂದೋ ಸೀಳಿ ಸರಿದ ಬಿರುಕಿನ, ಮೇಲೆ ಶಿಲೆಯ ಬೆಣೆಯೇ ಜಾರಿತೆಂದು ತಜ್ಞರು ವಿವರಿಸಿದ್ದಾರೆ. ಈ ಬಗೆಯ ಲೆಕ್ಕ ಅಂದಿನ ಎಂಜಿನಿಯರುಗಳ ಕೈಯಲ್ಲಿರಲಿಲ್ಲ, ನಿಜ. ಆದರೆ ಇಂದು ಮೆಷ್ ಅಂದವಾಗಲೆಂದು ಅಂಥ ಬಿರುಕನ್ನು ಅಳಿಸಿದರೆ, ಎಂಥ ಕಂಪ್ಯೂಟರೂ ಅಣೆಕಟ್ಟು ಭದ್ರವೆಂದೇ ಹೇಳೀತು.

ಅಳಿಸದೆಯೂ ಕೆಲಸ ಸಾಗುತ್ತದೆ. ಎರಡು ಮಗ್ಗುಲಿಗೂ ಬೇರೆಬೇರೆ ಮೂಲೆಗಳನ್ನಿತ್ತು ಜಾರಲು ಎಡೆಗೊಡುವ, ದಪ್ಪವಿಲ್ಲದ ಸಂಧಿಯ ತುಂಡನ್ನು ಗುಡ್‌ಮನ್, ಟೇಲರ್, ಬ್ರೆಕ್ಕೆ ಎಂಬವರು 1968ರಲ್ಲಿಯೇ ಸೂಚಿಸಿದರು. ನೆರೆಯ ಶಿಲೆಯಷ್ಟೇ ಗಟ್ಟಿಯಾದ ಪದರವನ್ನು ಅದರೊಡನೆ ಸೇರಿಸಿಬಿಡಲಿ, ಚಿಂತೆಯಿಲ್ಲ. ಅಂಗೈಯಗಲದ ಜೇಡಿಪದರವನ್ನು ಮಾತ್ರ ಬಿಡಕೂಡದು. ಯಾವುದು ಯಾವುದೆಂದು ಹೇಳಬೇಕಾದವನು ಭೂವಿಜ್ಞಾನಿ. ಮೆಷ್ ಹೆಣೆಯುವಾಗ ಅವನು ಪಕ್ಕದಲ್ಲಿ ಕುಳಿತಿರಬೇಕು. (ಭೌತಶಾಸ್ತ್ರದ ನಮ್ಮ ವಿದ್ಯಾರ್ಥಿಗಳು ಭೂವಿಜ್ಞಾನದ ತರಗತಿಯತ್ತ ಇಣಿಕಿಯೂ ನೋಡುವುದಿಲ್ಲ!) ಲೆಕ್ಕದ ವರದಿಯಲ್ಲಿ ಆ ಬಣ್ಣದ ಚಿತ್ರದ ಪಕ್ಕದಲ್ಲಿಯೇ, ಅಳಿಸಿದ ಪದರಗಳು ಯಾವುವು, ಏಕೆ ಅಳಿಸಿದರು ಎಂಬ ಪಟ್ಟಿಯೂ ಅಚ್ಚಾಗಬೇಕು.